ಕೂಲೆಂಟ್ ಟ್ಯಾಂಕಿಗೆ ಬೋರ್ ನೀರು ಬೇಡ

ಗಾಡಿಯ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಟ್ಯಾಂಕಿನ ಮಿನ್ ಗೆರೆಗಿಂತ, ಅಂದರೆ ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿದಿದೆ, ಬೋರ್ ನೀರು ಹಾಕಬಹುದಾ, ಎಂಜಿನ್ ಆಯಿಲ್ ಬೇರೆ ಕಪ್ಪಾಗಿದೆ ಅಂತ ಕೇಳಿದ್ದೀರಿ.

ಬೋರ್ ನೀರು ಬೇಡವೇ ಬೇಡ. ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುತ್ತದಲ್ಲ, ರೇಡಿಯೇಟರ್ ಒಳಗೂ ಅದೇ ಕಥೆ. ಮ್ಯಾನ್ಯುಯಲ್‌ನಲ್ಲಿ ಹೇಳಿರುವ ಕೂಲೆಂಟನ್ನೇ ತನ್ನಿ. ಬಣ್ಣ ಒಂದೇ ಇದೆ ಅಂತ ಸುಮ್ನೆ ಯಾವುದನ್ನೋ ಬೆರೆಸಬೇಡಿ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಹಾಕಿ. ಬಿಸಿಯಲ್ಲಿ ಮುಚ್ಚಳ ತಿರುಗಿಸಿದರೆ ಕುದಿಯುವ ಕೂಲೆಂಟ್ ಮೈಮೇಲೆ ಚಿಮ್ಮುತ್ತದೆ. ನನ್ನ ಮೊಣಕೈ ಮೇಲೆ ಆ ಕಲೆ ಇನ್ನೂ ಇದೆ! ವಾರದಲ್ಲೇ ಮತ್ತೆ ಇಳಿದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ, ಮೆಕ್ಯಾನಿಕ್‌ಗೆ ತೋರಿಸಿ.

ಆಯಿಲ್ ಕಪ್ಪಾಗಿದ್ದಕ್ಕೆ ಹೆದರಬೇಡಿ. ಡೀಸೆಲ್ ಗಾಡಿಯಲ್ಲಂತೂ ಹೊಸದೂ ಬೇಗ ಕಪ್ಪಾಗುತ್ತದೆ. ಬದಲಾಯಿಸುವುದು ಕಿಲೋಮೀಟರ್, ತಿಂಗಳ ಲೆಕ್ಕದಲ್ಲಿ. ಆಯಿಲ್ ಮಟ್ಟ ನೋಡಲು ಸಮತಟ್ಟಾದ ಜಾಗದಲ್ಲಿ ಎಂಜಿನ್ ಆಫ್ ಮಾಡಿ 10 ನಿಮಿಷ ಬಿಡಿ. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು ಹಳೇ ಬನಿಯನ್ ತುಂಡಿನಲ್ಲಿ ಒರೆಸಿ, ಪೂರ್ತಿ ಒಳಗಿಟ್ಟು ಮತ್ತೆ ತೆಗೆಯಿರಿ. ಮೊದಲ ಸಲ ಕಂಡದ್ದು ಲೆಕ್ಕಕ್ಕಿಲ್ಲ. ಎರಡು ಗುರುತಿನ ನಡುವೆ ಇದ್ದರೆ ಸಾಕು, ಮೇಲಿನ ಗುರುತು ದಾಟುವಷ್ಟು ಸುರಿಯಬೇಡಿ.

ಆಯಿಲ್ ಹಾಲು ಜಾಸ್ತಿಯಾದ ಕಾಫಿ ಥರ ಬೆಳ್ಳಗೆ, ನೊರೆನೊರೆಯಾಗಿ ಕಂಡರೆ ಮಾತ್ರ ಸ್ಟಾರ್ಟ್ ಮಾಡಲೇಬೇಡಿ. ಕೂಲೆಂಟ್ ಆಯಿಲ್‌ಗೆ ಸೇರಿರಬಹುದು. ಗಾಡಿಯನ್ನು ಟೋ ಮಾಡಿಸಿಯೇ ಗ್ಯಾರೇಜಿಗೆ ಕಳಿಸಿ.