ಎರಡು ಪ್ರೊವೈಡರ್, ನಡುವೆ ಒಂದು ಸಿಪ್ ಪ್ರಾಕ್ಸಿ: ಕರೆ ಸರಿಯಾಗಿ 32 ಸೆಕೆಂಡಿಗೆ ಬೀಳುವುದೇಕೆ

ನಿಮ್ಮ ಫೋನ್‌ಗಳಿಗೂ ಕರೆ ಸೇವೆ ಕೊಡುವ ಎರಡು ಪ್ರೊವೈಡರ್‌ಗಳಿಗೂ ನಡುವೆ ಕಮೈಲಿಯೊ (ಇಂಟರ್ನೆಟ್ ಕರೆ ಕಟ್ಟುವ, ಮುಗಿಸುವ ಸಿಪ್ ಸಂದೇಶಗಳನ್ನು ದಾಟಿಸುವ ಪ್ರಾಕ್ಸಿ ತಂತ್ರಾಂಶ) ಇಟ್ಟು, ಒಂದು ಕೈಕೊಟ್ಟರೆ ಇನ್ನೊಂದರ ಮೂಲಕ ಕರೆ ಕಳಿಸಬಹುದೇ ಅಂತ ಕೇಳಿದ್ದೀರಿ. ನಾನು ಕಟ್ಟಿದ್ದೂ ಇದನ್ನೇ. ಕರೆ ಯಾರಿಗೆ ಕಳಿಸಬೇಕೆಂದು ಆರಿಸುವ ಡಿಸ್ಪ್ಯಾಚರ್‌ನ ಪಟ್ಟಿಯಲ್ಲಿ ಪ್ರೊವೈಡರ್‌ಗೊಂದು ಸಾಲು, ಬದುಕಿದೆಯೇ ಎಂದು ವಿಚಾರಿಸಲು 30 ಸೆಕೆಂಡಿಗೊಮ್ಮೆ ಆಪ್ಷನ್ಸ್ ಪಿಂಗ್, ಕರೆ ಸೋತರೆ ಫೇಲ್ಯೂರ್ ರೂಟ್‌ನಲ್ಲಿ (ಸೋತಾಗ ಏನು ಮಾಡಬೇಕೆಂದು ಬರೆದ ಭಾಗ) ಮುಂದಿನ ಪ್ರೊವೈಡರ್‌ನ ಗೇಟ್‌ವೇ. ಡಯಲ್ ಮಾಡಿದೆ, ರಿಂಗ್ ಆಯಿತು, ಧ್ವನಿ ಸ್ವಚ್ಛ. ಹತ್ತು ಸೆಕೆಂಡು ಮಾತಾಡಿ ಇಟ್ಟೆ. ಅಂಥ ಹತ್ತಾರು ಪರೀಕ್ಷೆ ಮಾಡಿ ಬಳಕೆಗೆ ಬಿಟ್ಟೆ.

ಮಾರನೆಯ ದಿನವೇ ದೂರು: ಅರ್ಧ ನಿಮಿಷಕ್ಕೆ ಧ್ವನಿ ಸತ್ತುಹೋಗುತ್ತದೆ, ಫೋನಿನ ಪರದೆಯಲ್ಲಿ ಮಾತ್ರ ಕರೆಯ ಗಡಿಯಾರ ಓಡುತ್ತಲೇ ಇರುತ್ತದೆ. ಧ್ವನಿ ಹೋದದ್ದರಿಂದ ತೊಂದರೆ ಆರ್‌ಟಿಪಿಯಲ್ಲೇ (ಧ್ವನಿ ಹೊತ್ತ ಪ್ಯಾಕೆಟ್‌ಗಳಲ್ಲಿ) ಇದೆ ಅಂದುಕೊಂಡು ಎರಡು ದಿನ ಕೋಡೆಕ್ (ಧ್ವನಿಯನ್ನು ಸಂಕೇತಕ್ಕಿಳಿಸುವ ವಿಧಾನ) ಬದಲಿಸಿದೆ, ಫೈರ್‌ವಾಲ್‌ನಲ್ಲಿ 10000ದಿಂದ 20000ದವರೆಗೆ ಪೋರ್ಟ್ ತೆರೆದೆ. ಯಾವುದೂ ಕೆಲಸಕ್ಕೆ ಬರಲಿಲ್ಲ. ತಪ್ಪು ಇದ್ದದ್ದು ರೆಕಾರ್ಡ್-ರೂಟ್ ಹೆಡರ್‌ನಲ್ಲಿ, ಅಂದರೆ ಕರೆಯ ಮುಂದಿನ ಸಂದೇಶಗಳೂ ತನ್ನ ಮೂಲಕವೇ ಬರಲಿ ಎಂದು ಪ್ರಾಕ್ಸಿ ತನ್ನ ವಿಳಾಸ ಬರೆಯುವ ಸಾಲಿನಲ್ಲಿ.

ಇದನ್ನು ಬಿಡಿಸಿ ಹೇಳಲೇಬೇಕು. ನನ್ನ ಸರ್ವರ್ ನ್ಯಾಟ್ (ಒಳಗಿನ ಖಾಸಗಿ ವಿಳಾಸವನ್ನು ಸಾರ್ವಜನಿಕ ವಿಳಾಸಕ್ಕೆ ಬದಲಿಸುವ ವ್ಯವಸ್ಥೆ) ಹಿಂದೆ ಇತ್ತು, ಅದರ ಸ್ವಂತ ವಿಳಾಸ 10ರಿಂದ ಶುರುವಾಗುವ ಖಾಸಗಿ ವಿಳಾಸ. ಕಮೈಲಿಯೊ ರೆಕಾರ್ಡ್-ರೂಟ್‌ನಲ್ಲಿ ಅದನ್ನೇ ಬರೆದು ಕಳಿಸುತ್ತಿತ್ತು. ಕರೆ ಶುರುಮಾಡುವ ಇನ್ವೈಟ್ ಸಂದೇಶ ಹೋಯಿತು. ಕರೆ ಎತ್ತಿದರು ಎನ್ನುವ 200 ಓಕೆ ಕೂಡ ವಾಪಸ್ ಬಂತು, ಏಕೆಂದರೆ ಉತ್ತರಗಳು ನಡೆಯುವುದು ಸಂದೇಶ ಬಂದ ದಾರಿ ಬರೆದಿರುವ ವಯಾ ಹೆಡರ್ ಹಿಡಿದು. ಪ್ಯಾಕೆಟ್ ನಿಜವಾಗಿ ಬಂದ ವಿಳಾಸಕ್ಕೇ ಪ್ರೊವೈಡರ್ ಉತ್ತರಿಸುತ್ತದೆ. ಆದರೆ ಆಮೇಲಿನ ಆಕ್ (200 ಓಕೆ ಸಿಕ್ಕಿತು ಎನ್ನುವ ಸಂದೇಶ) ಮತ್ತು ಬೈ (ಕರೆ ಮುಗಿಸುವ ಸಂದೇಶ) ಹಾಗಲ್ಲ. ಅವು ರೆಕಾರ್ಡ್-ರೂಟ್ ಹೇಳಿದ ದಾರಿಯಲ್ಲೇ ಹೋಗುತ್ತವೆ. ಫೋನ್ ತನ್ನ ಆಕ್ ಅನ್ನು ಹೊರಗಿನಿಂದ ತಲುಪಲಾಗದ ಆ ಖಾಸಗಿ ವಿಳಾಸಕ್ಕೆ ಕಳಿಸಿತು, ಅದು ದಾರಿಯಲ್ಲೇ ಕಳೆದುಹೋಯಿತು. ಆಕ್ ಕಾಣದ ಪ್ರೊವೈಡರ್ 200 ಓಕೆಯನ್ನು ಮತ್ತೆ ಮತ್ತೆ ಕಳಿಸಿತು: ಮೊದಲು ಅರ್ಧ ಸೆಕೆಂಡಿಗೆ, ಆಮೇಲೆ ಅಂತರ ದುಪ್ಪಟ್ಟಾಗುತ್ತಾ 4 ಸೆಕೆಂಡಿನವರೆಗೆ. ಅರ್ಧ ಸೆಕೆಂಡಿನ 64 ಪಟ್ಟು, ಅಂದರೆ 32 ಸೆಕೆಂಡು ಕಾದು ಕರೆ ಮುಗಿಸಿತು. ಅದು ಕಳಿಸಿದ ಬೈ ಕೂಡ ಅದೇ ಕೆಟ್ಟ ದಾರಿಯಲ್ಲಿ ಹೋಗಿ ಫೋನಿಗೆ ಮುಟ್ಟಲಿಲ್ಲ. ಗಡಿಯಾರ ಓಡುತ್ತಲೇ ಇದ್ದದ್ದು ಅದಕ್ಕೆ. ಅಷ್ಟು ಹೊತ್ತು ಧ್ವನಿ ಕೇಳಿದ್ದು ಆರ್‌ಟಿಪಿಯು ಪ್ರಾಕ್ಸಿಯನ್ನು ಮುಟ್ಟದೆ ನೇರವಾಗಿ ಓಡಾಡುತ್ತಿದ್ದುದರಿಂದ.

ಸುಳಿವು ಮೊದಲ ದಿನದಿಂದಲೂ ಕಣ್ಣೆದುರಿಗೇ ಇತ್ತು. ನಾನು ಹತ್ತು ಸೆಕೆಂಡಿಗೆ ಇಟ್ಟ ಕರೆಗಳೆಲ್ಲ ಪ್ರೊವೈಡರ್‌ನ ಬಿಲ್ ದಾಖಲೆಯಲ್ಲಿ 32 ಸೆಕೆಂಡು ಅಂತಲೇ ಇದ್ದವು. ನನ್ನ ಬೈ ಕೂಡ ತಲುಪುತ್ತಿರಲಿಲ್ಲ, ನಾನು ಆ ದಾಖಲೆ ತೆರೆದೇ ನೋಡಿರಲಿಲ್ಲ.

ಪರಿಹಾರ ಒಂದೇ ಸಾಲು: ಕಮೈಲಿಯೊ ಯಾವ ವಿಳಾಸದಲ್ಲಿ ಕೇಳಬೇಕೆಂದು ಹೇಳುವ ಲಿಸನ್ ಸಾಲಿನ ಕೊನೆಗೆ ಅಡ್ವರ್ಟೈಸ್ ಅಂತ ಬರೆದು ಸಾರ್ವಜನಿಕ ವಿಳಾಸ ಮತ್ತು ಸಿಪ್ ಪೋರ್ಟ್ 5060 ಕೊಡಿ. ಜೊತೆಗೆ, ಟು ಹೆಡರ್‌ನಲ್ಲಿ ಟ್ಯಾಗ್ ಇರುವ (ಅಂದರೆ ಆಗಲೇ ನಡೆಯುತ್ತಿರುವ ಕರೆಗೆ ಸೇರಿದ) ಸಂದೇಶ ಬಂದರೆ ಮೊದಲು ಲೂಸ್-ರೂಟ್‌ಗೆ (ಬರೆದಿಟ್ಟ ದಾರಿ ಹಿಡಿದು ಕಳಿಸುವ ಕಾರ್ಯಕ್ಕೆ) ಬಿಡಿ. ಅದನ್ನು ಡಿಸ್ಪ್ಯಾಚರ್‌ಗೆ ಕೊಟ್ಟರೆ ನಡೆಯುತ್ತಿರುವ ಕರೆಯ ಬೈ ಬೇರೆ ಪ್ರೊವೈಡರ್‌ಗೆ ಹೋಗಿ ಬೀಳುತ್ತದೆ. ಸಿಪ್ ಸಂದೇಶಗಳನ್ನು ಹಿಡಿದು ತೋರಿಸುವ ಎಸ್‌ಎನ್‌ಗ್ರೆಪ್‌ನಲ್ಲಿ ಕರೆಯ ಏಣಿ (ಸಂದೇಶಗಳು ಹೋಗಿಬಂದ ಕ್ರಮದ ಚಿತ್ರ) ತೆರೆದು ನೋಡಿ. 200 ಓಕೆ ಸಾಲುಸಾಲಾಗಿ ಮರುಕಳಿಸಿದರೆ ಇದೇ ರೋಗ.

ಇನ್ನು ನಿಮ್ಮ ಪ್ರಶ್ನೆಯ ಬುಡಕ್ಕೇ ಬರುತ್ತೇನೆ. ಎರಡೂ ಪ್ರೊವೈಡರ್‌ಗಳು ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತವೆ ಅಂತ ಬರೆದಿದ್ದೀರಿ. ಹಾಗಿದ್ದರೆ ಪ್ರಾಕ್ಸಿ ಬೇಡ. ಪ್ರೊವೈಡರ್ 407 ಎಂದು ಸವಾಲು ಹಾಕಿದಾಗ, ಅಂದರೆ ಪಾಸ್‌ವರ್ಡ್‌ನಿಂದ ಗುರುತು ತೋರಿಸಲು ಕೇಳಿದಾಗ, ಹೊಸ ಇನ್ವೈಟ್‌ನಲ್ಲಿ ಸಿಸೀಕ್ ಸಂಖ್ಯೆ (ಸಂದೇಶದ ಕ್ರಮಸಂಖ್ಯೆ) ಒಂದು ಹೆಚ್ಚಬೇಕು. ನಡುವಿನ ಪ್ರಾಕ್ಸಿ ತಾನೇ ಉತ್ತರ ಕೊಟ್ಟರೆ ಫೋನಿನ ಲೆಕ್ಕವೂ ಪ್ರೊವೈಡರ್‌ನ ಲೆಕ್ಕವೂ ಬೇರೆಬೇರೆ ಆಗುತ್ತವೆ. ಕಮೈಲಿಯೊದ ಡೈಲಾಗ್ ಮಾಡ್ಯೂಲ್‌ನಿಂದ ಸರಿದೂಗಿಸಬಹುದು, ಆದರೆ ಕೆಲವೇ ಲೈನ್‌ಗಳಿಗೆ ಆ ತಾಪತ್ರಯ ಏಕೆ? ಆಸ್ಟರಿಸ್ಕ್ ಅಥವಾ ಫ್ರೀಸ್ವಿಚ್ ಎಂಬ ಫೋನ್ ಎಕ್ಸ್‌ಚೇಂಜ್ ತಂತ್ರಾಂಶ ಹಾಕಿ. ಅವು ಕರೆಯನ್ನು ಎರಡು ಸ್ವತಂತ್ರ ಕಾಲುಗಳಾಗಿ (ಫೋನಿನ ಕಡೆಯದೊಂದು, ಪ್ರೊವೈಡರ್ ಕಡೆಯದೊಂದು) ಒಡೆಯುತ್ತವೆ, ಪ್ರತಿ ಕಾಲಿಗೂ ಅದರದೇ ಲಾಗಿನ್. ಐಪಿ ವಿಳಾಸ ನೋಡಿ ಒಳಬಿಡುವ ಟ್ರಂಕ್‌ಗಳಿದ್ದು (ಪ್ರೊವೈಡರ್ ಕೊಡುವ ಕರೆಯ ಸಂಪರ್ಕಗಳು), ಕರೆಗಳ ಸಂಖ್ಯೆ ದೊಡ್ಡದಿದ್ದರೆ ಮಾತ್ರ ಕಮೈಲಿಯೊ ತನ್ನ ಬೆಲೆ ತೋರಿಸುತ್ತದೆ.

ಆದರೂ ಪ್ರಾಕ್ಸಿಯೇ ಬೇಕೆಂದರೆ ಫೇಲ್‌ಓವರ್ (ಇನ್ನೊಂದು ಪ್ರೊವೈಡರ್‌ಗೆ ಹೊರಳುವ) ಸಮಯ ಬದಲಿಸಿ. ಮೊದಲ ಉತ್ತರಕ್ಕೆ ಕಾಯುವ ಎಫ್‌ಆರ್ ಟೈಮರ್ ಮೂಲತಃ 30 ಸೆಕೆಂಡು. ಅಷ್ಟರಲ್ಲಿ ಕರೆ ಮಾಡಿದವರು ಬೇಸತ್ತು ಇಟ್ಟುಬಿಟ್ಟಿರುತ್ತಾರೆ. ನಾನು 2 ಸೆಕೆಂಡು ಇಡುತ್ತೇನೆ. ಪ್ರಯತ್ನಿಸುತ್ತಿದ್ದೇನೆ ಎನ್ನುವ 100 ಟ್ರೈಯಿಂಗ್ ಉತ್ತರ ಬಂದ ಕೂಡಲೇ ಇದರ ಕೆಲಸ ಮುಗಿದು 120 ಸೆಕೆಂಡಿನ ಇನ್ನೊಂದು ಟೈಮರ್ ಶುರುವಾಗುತ್ತದೆ, ಅದೂ ನೆನಪಿರಲಿ. ಮುಂದಿನ ಪ್ರೊವೈಡರ್‌ಗೆ ಹೋಗುವುದು 408 (ಸಮಯ ಮೀರಿತು), 500 (ಸರ್ವರ್ ದೋಷ), 503 (ಸೇವೆ ಲಭ್ಯವಿಲ್ಲ) ಬಂದಾಗ ಮಾತ್ರ. 486 ಬಂದರೆ ಆ ಕಡೆಯವರು ಬೇರೆ ಕರೆಯಲ್ಲಿದ್ದಾರೆ, ದಾರಿ ಬದಲಿಸಿ ಪ್ರಯೋಜನವಿಲ್ಲ.

5060 ಪೋರ್ಟನ್ನು ಎಲ್ಲರಿಗೂ ತೆರೆದಿಡಬೇಡಿ. ಸ್ಕ್ಯಾನರ್‌ಗಳು ಬಂದೇ ಬರುತ್ತವೆ, ತೆರೆದ ಪ್ರಾಕ್ಸಿಯಿಂದ ಹೋದ ಅಂತರರಾಷ್ಟ್ರೀಯ ಕರೆಗಳ ಬಿಲ್ ನಿಮ್ಮ ಮೇಲೆ ಬೀಳುತ್ತದೆ. ಪರ್ಮಿಷನ್ಸ್ ಮಾಡ್ಯೂಲ್‌ನಲ್ಲಿ ಗೊತ್ತಿರುವ ವಿಳಾಸಗಳನ್ನಷ್ಟೇ ಒಳಬಿಡಿ.

ಪರೀಕ್ಷೆಗೆ ಒಂದು ಕರೆ 40 ಸೆಕೆಂಡು ದಾಟಲಿ, ಇನ್ನೊಂದು ಅರ್ಧ ಗಂಟೆ. ಕರೆ ಇನ್ನೂ ಜೀವಂತವಿದೆಯೇ ಎಂದು ನೋಡುವ ಸೆಷನ್ ಟೈಮರ್ 1800 ಸೆಕೆಂಡು ಇದ್ದರೆ 900ಕ್ಕೆ ನವೀಕರಣದ ಸಂದೇಶ ಇದೇ ರೂಟ್ ಹಿಡಿದು ಹೋಗುತ್ತದೆ. ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಇಟ್ಟು, ಎರಡೂ ಪ್ರೊವೈಡರ್‌ಗಳ ದಾಖಲೆಯಲ್ಲಿನ ಅವಧಿಯನ್ನು ನಿಮ್ಮ ಗಡಿಯಾರಕ್ಕೆ ಹೋಲಿಸಿ ನೋಡಿ.