ಟೇಪಿನ ಇನ್ನೊಂದು ತುದಿ ತಮ್ಮನ ಕೈಗೆ ಕೊಡಿ

ಪ್ರಶ್ನೆ: ನನಗೆ 47 ವರ್ಷ, ಬೆಂಗಳೂರಿನಲ್ಲಿದ್ದೇನೆ. ತವರು ಸೋಮವಾರಪೇಟೆ ಕಡೆ, ಅಜ್ಜ ಕಟ್ಟಿಸಿದ ಹೆಂಚಿನ ಮನೆ. ಅಪ್ಪ ಹೋದ ಮೇಲೆ ತಮ್ಮನಿಗೆ ಹಕ್ಕು ಖುಲಾಸೆ ಬರೆದುಕೊಟ್ಟೆ. ಅಪ್ಪನ ಮೇಜು ಕೇಳಿದ್ದಕ್ಕೆ ನಾದಿನಿ (ತಮ್ಮನ ಹೆಂಡತಿ) ಏನೋ ಅಂದಳು; ಅಂದಿನಿಂದ ನಾಲ್ಕು ವರ್ಷ ಅವರಿಬ್ಬರ ಜೊತೆ ಮಾತಿಲ್ಲ. ಈಗ ರೋಬಸ್ಟಾ ಕೊಯ್ಲು ಮುಗಿದ ಕೂಡಲೇ ಮನೆ ಕೆಡವುತ್ತಾನಂತೆ. ಅದೂ ಚಿಕ್ಕಪ್ಪನ ಮಗಳಿಂದ ತಿಳಿಯಿತು. ನಡುಮನೆ ಬಾಗಿಲ ಚೌಕಟ್ಟಿನಲ್ಲಿ ನಮ್ಮಿಬ್ಬರ ಎತ್ತರದ ಗೀಟುಗಳು ಇನ್ನೂ ಇವೆ. ಒಮ್ಮೆ ಹೋಗಬೇಕು ಅನಿಸುತ್ತದೆ. ಅಮ್ಮ "ಬಂದು ಅಳೋದ್ಯಾಕೆ, ಬರಬೇಡ" ಅಂತಾರೆ. ಯಜಮಾನರು "ಫೋಟೊ ತರಿಸಿಕೊ ಸಾಕು" ಅಂತಾರೆ. ಏನು ಮಾಡಲಿ?

ಉತ್ತರ: ಹೋಗಿ. ತರಿಸಿಕೊಂಡ ಫೋಟೊದಲ್ಲಿ ಹಜಾರ, ಎದುರು ಬಾಗಿಲು ಬರುತ್ತವೆ. ಬಚ್ಚಲ ಒಲೆಯ ಫೋಟೊ ಯಾರೂ ಕಳಿಸುವುದಿಲ್ಲ. ಆದರೆ ಅಮ್ಮನ ಮಾತು ತಳ್ಳಿಹಾಕುವಂಥದ್ದಲ್ಲ. ಬರಿಗೈಲಿ ಕೋಣೆಯಿಂದ ಕೋಣೆಗೆ ಸುತ್ತಿದರೆ ಅಳುವುದೊಂದೇ ಕೆಲಸ ಉಳಿಯುತ್ತದೆ, ಆ ಅಳು ತನ್ನ ಮೇಲಿನ ದೂರು ಎಂದು ತಮ್ಮ ಮುಖ ತಿರುಗಿಸುತ್ತಾನೆ. ಅದಕ್ಕೇ ಒಂದು ಕೆಲಸ ಹಚ್ಚಿಕೊಂಡು ಹೋಗಿ: ಮನೆಯ ಅಳತೆ ತೆಗೆದು ನಕ್ಷೆ ಬರೆಯುವುದು. ಅದು ಒಬ್ಬರ ಕೈಲಿ ಆಗುವುದಿಲ್ಲ ಎಂಬುದೇ ಅದರ ಲಾಭ.

ಮೊದಲು ಫೋನು. ವಾಟ್ಸಾಪ್ ಬೇಡ, ಚಿಕ್ಕಪ್ಪನ ಮಗಳ ಮೂಲಕ ಹೇಳಿಸುವುದೂ ಬೇಡ. "ಹೊಸ ಮನೆ ಕಟ್ಟಿಸ್ತೀಯಂತೆ, ಚೆನ್ನಾಗಿ ಆಗ್ಲಿ. ಹೆಂಚು ಇಳಿಸೋ ಮುಂಚೆ ಎರಡು ದಿನ ಬಂದು ಹಳೇ ಮನೆ ಅಳತೆ ತಗೋಬೇಕು ಅಂತಿದ್ದೀನಿ, ನಿನಗ್ಯಾವಾಗ ಬಿಡುವು?" ಇಷ್ಟೇ. "ನನಗ್ಯಾಕೆ ಹೇಳಲಿಲ್ಲ" ಎಂಬುದು ನ್ಯಾಯವಾದ ಪ್ರಶ್ನೆಯೇ, ಆದರೆ ಈ ಫೋನಿನಲ್ಲಿ ನುಂಗಿಕೊಳ್ಳಿ. ಕೆಡವುವ ಬದಲು ರಿಪೇರಿ ಮಾಡಿಸಬಾರದಿತ್ತೇ ಎಂಬ ಮಾತೂ ಬೇಡ. ಖುಲಾಸೆ ಪತ್ರಕ್ಕೆ ಸಹಿ ಹಾಕಿದ ಮೇಲೆ ಆ ತೀರ್ಮಾನ ಅವನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಕುಡಿಯುವ ಮಣ್ಣಿನ ಗೋಡೆಗಳ ನಡುವೆ ಬದುಕುತ್ತಿರುವವರೂ ಅವರೇ. (ಐನ್‌ಮನೆ, ಅಂದರೆ ಕೊಡಗಿನ ಕುಲದ ಮೂಲಮನೆಯಾಗಿದ್ದರೆ ಲೆಕ್ಕ ಬೇರೆ. ಅದು ಇಡೀ ಒಕ್ಕದ್ದು, ಎಂದರೆ ಕುಲದವರೆಲ್ಲರದ್ದು, ಒಬ್ಬ ತಮ್ಮ ನಿರ್ಧರಿಸುವಂಥದ್ದಲ್ಲ.)

ಹೆಂಚು ಇಳಿಸುವುದಕ್ಕೆ ವಾರ ಹತ್ತು ದಿನ ಮುಂಚೆ, ಸಾಮಾನು ಇನ್ನೂ ಒಳಗಿರುವಾಗ ಹೋಗಿ. ಬಟವಾಡೆ ದಿನ ತಪ್ಪಿಸಿ. ಆಳುಗಳಿಗೆ ಲೆಕ್ಕ ಕೊಡುತ್ತಿರುವ ತಮ್ಮನಿಗೆ ಟೇಪು ಹಿಡಿಯುವ ತಾಳ್ಮೆ ಇರುವುದಿಲ್ಲ. ಹೆಂಚು ಇಳಿದ ಮೇಲೆ ಮಾತ್ರ ಒಳಗೆ ಕಾಲಿಡಬೇಡಿ. ಮೊದಲು ಹೆಂಚು, ಆಮೇಲೆ ರೀಪು (ಹೆಂಚು ಕೂರುವ ಪಟ್ಟಿ), ಪಕಾಸು (ರೀಪು ಹೊರುವ ಇಳಿಜಾರು ಮರ), ತೊಲೆ, ಬಾಗಿಲು ಕಿಟಕಿಗಳ ಚೌಕಟ್ಟು, ಕೊನೆಗೆ ಜೆಸಿಬಿ ಬರುತ್ತದೆ. ಎದುರುಬದುರು ಗೋಡೆಗಳನ್ನು ಹಿಡಿದಿಟ್ಟಿರುವುದು ತೊಲೆ. ಅದು ಹೋದರೆ ಮಣ್ಣಿನ ಗೋಡೆ ಯಾವಾಗ ಬೇಕಾದರೂ ವಾಲಬಹುದು. ಚೌಕಟ್ಟು ಕಿತ್ತ ಕಡೆ ಮೇಲಿನ ಮಣ್ಣು ಜಾರುತ್ತದೆ. ಜೆಸಿಬಿ ಬರುವ ದಿನ ನೀವು ಬೆಂಗಳೂರಿನಲ್ಲೇ ಇರಿ.

ಕೆಲಸ ಶುರುವಾಗುವ ಮುಂಚೆ ಅರ್ಧ ಗಂಟೆ ಒಬ್ಬರೇ ಮನೆ ಸುತ್ತಿ. ಅಳು ಬಂದರೆ ಬಚ್ಚಲುಮನೆಯಿದೆ, ಹೊಗೆಯ ಮೇಲೆ ಹಾಕಬಹುದು.

ಅಳತೆಗೆ 30 ಮೀಟರಿನ ಟೇಪು, ಗ್ರಾಫ್ ಪುಸ್ತಕ, ಪೆನ್ಸಿಲ್ ಸಾಕು. ಗ್ರಾಫಿನ ಒಂದು ಚೌಕಕ್ಕೆ ಒಂದು ಅಡಿ ಎಂದಿಟ್ಟುಕೊಳ್ಳಿ. ಟೇಪಿನ ಸೊನ್ನೆ ಎಲ್ಲಿದೆ ಎಂದು ಮೊದಲು ನೋಡಿ: ಕೆಲವದರಲ್ಲಿ ಕೊಂಡಿಯ ತುದಿಯಿಂದಲೇ ಶುರು, ಕೆಲವದರಲ್ಲಿ ಸ್ವಲ್ಪ ಒಳಗಿನಿಂದ. ಇದು ತಪ್ಪಿದರೆ ಎಲ್ಲ ಕೋಣೆಗಳೂ ಅಷ್ಟಷ್ಟು ತಪ್ಪುತ್ತವೆ. ಪ್ರತಿ ಕೋಣೆಯ ಉದ್ದ, ಅಗಲದ ಜೊತೆಗೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಹಿಡಿಯಿರಿ. ಹಳೆಯ ಕೋಣೆ ಕಣ್ಣಿಗೆ ನೇರವಾಗಿ ಕಂಡರೂ ಒಂದು ಕರ್ಣ ಇನ್ನೊಂದಕ್ಕಿಂತ ಮೂರ್ನಾಲ್ಕು ಇಂಚು ಉದ್ದ ಇರಬಹುದು. ಅದನ್ನು ಬರೆದುಕೊಳ್ಳದಿದ್ದರೆ ಬೆಂಗಳೂರಿಗೆ ಬಂದು ನಕ್ಷೆ ಕೂಡಿಸುವಾಗ ಗೋಡೆಗೆ ಗೋಡೆ ಸೇರುವುದಿಲ್ಲ. ಗೋಡೆಯ ದಪ್ಪ ಬಾಗಿಲ ಹತ್ತಿರ ಸಿಗುತ್ತದೆ. ಹೊಸ್ತಿಲ ಎತ್ತರ, ಜಗಲಿಯ ಎತ್ತರ, ಮೆಟ್ಟಿಲ ಲೆಕ್ಕ, ಬಾಗಿಲು ಎತ್ತ ತೆರೆಯುತ್ತದೆ, ಒಲೆ ಯಾವ ದಿಕ್ಕಿಗೆ, ಹಂಡೆ ಎಲ್ಲಿ, ಎಲ್ಲವೂ ಬರಲಿ.

ಸೊನ್ನೆಯ ತುದಿ ತಮ್ಮನ ಕೈಲಿರಲಿ, ಓದಿ ಬರೆಯುವವರು ನೀವು. ಏಳೆಂಟು ಕೋಣೆಗೆ ಅರ್ಧ ದಿನ ಹಿಡಿಯುತ್ತದೆ. "ಹನ್ನೊಂದು ಅಡಿ ನಾಲ್ಕಿಂಚು." "ಎಳೆದು ಹಿಡಿ, ಜೋತು ಬಿದ್ದಿದೆ." ನಾಲ್ಕು ವರ್ಷ ಮಾತು ಬಿಟ್ಟವರಿಗೆ ಆಡಲು ಇಷ್ಟು ಸುಲಭದ ಮಾತು ಬೇರೆ ಕಡೆ ಸಿಗುವುದಿಲ್ಲ. ನಾದಿನಿ ಬಂದು ನಿಂತರೆ ಅಡುಗೆಮನೆಯಲ್ಲಿ ಯಾವುದು ಎಲ್ಲಿತ್ತೆಂದು ಅವರಿಂದಲೇ ಹೇಳಿಸಿ. ಇಷ್ಟು ವರ್ಷ ಆ ಒಲೆ ಹೊತ್ತಿಸಿದವರು ಅವರು.

ಫೋಟೊ ಕೋಣೆಗೆ ಆರರಂತೆ ತೆಗೆಯಿರಿ: ನಾಲ್ಕು ಮೂಲೆಯಿಂದ ಒಂದೊಂದು, ನೆಲದ್ದೊಂದು, ಮಾಡಿನದ್ದೊಂದು. ಬಾಗಿಲು ಕಿಟಕಿ ತೆರೆದಿಟ್ಟು, ಫ್ಲಾಶ್ ಇಲ್ಲದೆ. ಅಮ್ಮನನ್ನು ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿ, ಅವರಿಗೆ ಹೇಳಿಯೇ ರೆಕಾರ್ಡಿಂಗ್ ಹಾಕಿ. "ಮನೆ ಬಗ್ಗೆ ಹೇಳಮ್ಮ" ಅಂದರೆ "ಏನ್ ಹೇಳೋದು" ಅಂತಾರೆ. "ಏಲಕ್ಕಿ ಎಲ್ಲಿ ಒಣಗಿಸ್ತಿದ್ರಿ? ಮಳೆಗಾಲಕ್ಕೆ ಸೌದೆ ಎಲ್ಲಿ ಒಟ್ತಿದ್ರಿ?" ಅಂತ ಕೇಳಿ.

ಅಟ್ಟಕ್ಕೆ ಒಬ್ಬರೇ ಹತ್ತಬೇಡಿ. ಟಾರ್ಚ್, ಮಾಸ್ಕ್, ಕೈಗವಸು, ಶೂ ಇರಲಿ. ತೊಲೆ ಎಲ್ಲಿದೆ ನೋಡಿ ಅದರ ಮೇಲೆಯೇ ಹೆಜ್ಜೆಯಿಡಿ, ಗೆದ್ದಲು ತಿಂದ ಹಲಗೆ ಮೇಲಿನಿಂದ ಗಟ್ಟಿಯಾಗಿಯೇ ಕಾಣುತ್ತದೆ. ಇಲಿಹಿಕ್ಕೆ ಒಣಗಿದ್ದನ್ನು ಗುಡಿಸಬೇಡಿ, ನೀರು ಚಿಮುಕಿಸಿ ಒರೆಸಿ. ಹಳೆ ಕಂದಾಯ ರಸೀದಿ, ಕಾಗದಪತ್ರಗಳನ್ನು ತೇವದಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ; ನೆರಳಿನಲ್ಲಿ ಆರಿಸಿ ರಟ್ಟಿನ ಪೆಟ್ಟಿಗೆಗೆ ಹಾಕಿ. ಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೊವನ್ನು ಬಿಡಿಸಲು ಹೋದರೆ ಮುಖ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಮೇಲಿನಿಂದಲೇ ಸ್ಕ್ಯಾನ್ ಮಾಡಿಸಿ.

ಇನ್ನು ಗೀಟುಗಳು. ಟ್ರೇಸಿಂಗ್ ಹಾಳೆ ಅಂಟಿಸಿ, ನೆಲದಿಂದ ಪ್ರತಿ ಗೀಟಿನ ಎತ್ತರ ಬರೆದು ಎರಡು ಪ್ರತಿ ಮಾಡಿ, ಒಂದು ತಮ್ಮನಿಗೆ. ಚೌಕಟ್ಟನ್ನೇ ನೀವು ಕೇಳುವುದು ನನಗೆ ಸರಿ ಕಾಣುವುದಿಲ್ಲ. ಅರ್ಧ ಗೀಟು ಅವನವು. ಅದರ ಬದಲು ಹೊಸ ಮನೆಯ ಒಳಬಾಗಿಲಿಗೆ ಅದನ್ನೇ ಕೂರಿಸಬಹುದಲ್ಲ ಎಂದು ಹೇಳಿ ನೋಡಿ. ಸ್ಕ್ರೂಡ್ರೈವರಿನಿಂದ ಬುಡ ಚುಚ್ಚಿ, ಒಳಹೋಗದಿದ್ದರೆ ಮರ ಗಟ್ಟಿಯಿದೆ. ಬಡಗಿ ಗರಗಸ ಹಾಕದೆ ಮರದ ಮೊಳೆ ತಟ್ಟಿ ತೆಗೆದು ಕೀಲು ಬಿಡಿಸಲಿ, ಗೀಟಿನ ಮೇಲೆ ಪಾಲಿಶ್ ಕಾಗದ ಉಜ್ಜದಿರಲಿ.

ಬೆಂಗಳೂರಿಗೆ ಒಂದೆರಡು ಹೆಂಚು ತನ್ನಿ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಬಂದ ಹೆಂಚುಗಳಿವು. ಮಗುಚಿ ನೋಡಿದರೆ ತಯಾರಿಸಿದವರ ಹೆಸರು ಅಚ್ಚಾಗಿರುತ್ತದೆ. ಅಮ್ಮನ ದಾಸವಾಳದ ಪೆನ್ಸಿಲ್ ದಪ್ಪದ ಕಡ್ಡಿ ನಾಲ್ಕೈದು, ಗೇಣುದ್ದ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ. ಜೆಸಿಬಿ ಮೊದಲು ತುಳಿಯುವುದು ಅಂಗಳದ ಗಿಡಗಳನ್ನೇ. ಬೀಟೆ ಮರದ ತುಂಡೊಂದೂ ಗಾಡಿಗೆ ಹಾಕುವ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. "ನಮ್ಮ ಹಳೇ ಮನೇದು" ಎಂಬ ಮಾತು ಚೆಕ್‌ಪೋಸ್ಟಿನಲ್ಲಿ ನಡೆಯುವುದಿಲ್ಲ. ಮರ ಮನೆಯಲ್ಲಿದ್ದಾಗಿನ ಫೋಟೊ ಜೊತೆಗಿರಲಿ.

ಅಪ್ಪನ ಮೇಜಿನ ಮಾತು ನೀವಾಗಿ ಎತ್ತಬೇಡಿ. ತಮ್ಮನೇ "ತಗೊಂಡು ಹೋಗು" ಅಂದರೆ ಮೊದಲು ಅದರ ಅಡಿಗೆ ಬಿಳಿ ಕಾಗದ ಹಾಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸಣ್ಣ ಹಿಟ್ಟು ಉದುರಿದ್ದರೆ ಒಳಗೆ ಹುಳ ಇನ್ನೂ ಜೀವಂತವಿದೆ, ಔಷಧಿ ಹೊಡೆಸಿ ಆಮೇಲೆ ತರಿಸಿಕೊಳ್ಳಿ. ಹಿಟ್ಟು ಉದುರಿಲ್ಲದಿದ್ದರೆ ಡ್ರಾಯರ್ ಹೊರಗೆ ತೆಗೆದು, ಕಾಲು ಮೇಲಾಗಿ ಗಾಡಿಯಲ್ಲಿಟ್ಟು, ಹಗ್ಗಕ್ಕೂ ಮರಕ್ಕೂ ನಡುವೆ ಹಳೆ ಗೋಣಿ ಕೊಡಿ.