ಹಬ್ಬಗಳ ಪಟ್ಟಿ ಬೇಡ, ಮನೆಮಾತುಗಳ ಪಟ್ಟಿ ಕೊಡಿ

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನಲ್ಲಿ ಜಮಾಅತ್ (ಮಸೀದಿಯ ಸಮುದಾಯ ಸಮಿತಿ) ಆಡಳಿತದ ಶಾಲೆ ನಡೆಸುತ್ತಿದ್ದೇವೆ. ಓಣಂ, ದೀಪಾವಳಿ, ಕ್ರಿಸ್‌ಮಸ್ ಎಲ್ಲವನ್ನೂ ಆಚರಿಸುತ್ತೇವೆ. ಬಹುಸಂಸ್ಕೃತಿ ಶಿಕ್ಷಣಕ್ಕೆ ಇಷ್ಟು ಸಾಕೇ?

ಉತ್ತರ: ಸಾಲದು. ಈ ಪ್ರಶ್ನೆ ಕೇಳುವವರೆಲ್ಲ ಹಬ್ಬಗಳ ಪಟ್ಟಿಯನ್ನೇ ಮುಂದಿಡುತ್ತಾರೆ. ಒಂದನೇ ತರಗತಿಯ ಮಕ್ಕಳ ಮನೆಮಾತುಗಳ ಪಟ್ಟಿ ಕೇಳಿದರೆ ಮಾತ್ರ ಆಡಳಿತ ಮಂಡಳಿಗಳು ಮುಖ ಮುಖ ನೋಡಿಕೊಳ್ಳುತ್ತವೆ. ನಿಮ್ಮ ತಾಲೂಕಿನಲ್ಲಿ ಮುಸ್ಲಿಂ ಮಕ್ಕಳೇ ಬ್ಯಾರಿ (ಕರಾವಳಿಯ ಬ್ಯಾರಿ ಮುಸ್ಲಿಮರ ಮಾತು, ಮಲಯಾಳಕ್ಕೆ ಹತ್ತಿರದ್ದು), ಮಲಯಾಳಂ ಆಡುತ್ತಾರೆ. ಉಪ್ಪಳದ ಹನಫಿ (ಸುನ್ನಿ ಮುಸ್ಲಿಮರ ಒಂದು ಪಂಥ) ಮನೆಗಳಲ್ಲಿ ಉರ್ದು ಇದೆ. ಪಕ್ಕದ ಬೆಂಚಿನ ಮಗು ತುಳು, ಕೊಂಕಣಿ ಅಥವಾ ಕನ್ನಡದ್ದು. ಬ್ಯಾರಿ ಮಗುವಿಗೆ ಮಲಯಾಳಂ ತಾನಾಗಿಯೇ ಬರುತ್ತದೆಂದು ಭಾವಿಸಿ ಪಾಠ ಮುಂದುವರಿಸುವುದು, ಅರ್ಥವಾಗದೆ ಸುಮ್ಮನೆ ಕುಳಿತ ಮಗುವನ್ನು ಮಂದಬುದ್ಧಿಯೆಂದು ಕರೆಯುವುದು ನನಗೆ ಸಿಟ್ಟು ತರಿಸುವ ಸಂಗತಿ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿಯ ಬೆಂಬಲವಿದೆ. ಭಾಷೆಗಳ ಮತ್ತು ವರ್ಣಗಳ ಭಿನ್ನತೆಯನ್ನು ದೇವರ ದೃಷ್ಟಾಂತಗಳಲ್ಲಿ ಒಂದೆಂದು ಕುರ್‌ಆನಿನ ಅರ್‌ರೂಮ್ ಅಧ್ಯಾಯವೇ (30:22) ಹೇಳುವಾಗ, ಇಸ್ಲಾಮಿಕ್ ಶಾಲೆಯೊಂದು ಇದಕ್ಕೆ ಹೊರಗಿನ ಸಿದ್ಧಾಂತವನ್ನು ಹುಡುಕಬೇಕಾಗಿಯೂ ಇಲ್ಲ.

ಆದುದರಿಂದ ಮೊದಲ ಎರಡು ವರ್ಷ ತರಗತಿಯಲ್ಲಿ ಮನೆಮಾತಿಗೆ ಅವಕಾಶ ಕೊಡಿ, ಅದನ್ನು ಬಲ್ಲ ಶಿಕ್ಷಕರನ್ನು ಅವರ ಮತ ಯಾವುದೆಂದು ನೋಡದೆ ನೇಮಿಸಿ. ಸಮಾಜ ಪಾಠಕ್ಕೆ ಊರನ್ನೇ ತನ್ನಿ: ಉದ್ಯಾವರದ ಅರಸು ಮಂಜಿಷ್ಣಾರ್ ದೈವಸ್ಥಾನದವರು ಉತ್ಸವಕ್ಕೆ ಮುನ್ನ ಮಸೀದಿಗೆ ಹೋಗಿ ಆಹ್ವಾನ ನೀಡುವ ಪದ್ಧತಿಯನ್ನೂ ಕುಂಬಳೆ ಆರಿಕ್ಕಾಡಿಯ ಆಲಿ ಎಂಬ ಮುಸ್ಲಿಂ ಭೂತದ ಕಥೆಯನ್ನೂ ಮಕ್ಕಳು ಹಿರಿಯರಿಂದ ಕೇಳಿ ಬರೆಯಲಿ. ಇದು ಆರಾಧನೆಯಲ್ಲ, ಅಧ್ಯಯನ. ಆ ಗೆರೆಯನ್ನು ಪೋಷಕರಿಗೆ ಮೊದಲೇ ತಿಳಿಸದಿದ್ದರೆ ತಕರಾರು ಬರುವುದು ಖಂಡಿತ. ಇನ್ನು, ಹಣ ಪಡೆದು ‘ಬಹುಸಂಸ್ಕೃತಿ ಶಾಲೆ’ ಎಂಬ ಪ್ರಮಾಣಪತ್ರ ಕೊಡುವ ಸಲಹೆಗಾರರನ್ನು ಗೇಟಿನಿಂದಲೇ ಕಳುಹಿಸಿ.

ಪ್ರಶ್ನೆ: ನಾವು ಹಿಂದೂಗಳು. ಜಮಾಅತ್ ನಡೆಸುವ ಶಾಲೆಯಲ್ಲಿ ಮಗಳನ್ನು ಪ್ರಾರ್ಥನೆಗೆ ಒತ್ತಾಯಿಸುವರೇ?

ಉತ್ತರ: ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯು ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಮಗುವನ್ನು ಕೂರಿಸುವಂತಿಲ್ಲವೆಂದು ಸಂವಿಧಾನದ 28(3)ನೇ ವಿಧಿ ಹೇಳುತ್ತದೆ, ಬಾಯಿಮಾತಿನ ಭರವಸೆಯನ್ನು ನಾನು ನಂಬುವವನಲ್ಲ, ಪ್ರವೇಶದ ದಿನವೇ ಬರೆಹದಲ್ಲಿ ಪಡೆಯಿರಿ.

ಪ್ರಶ್ನೆ: ಮದರಸಕ್ಕೆ ಹೋಗುವ ಮಕ್ಕಳು ಶಾಲೆಯಿಂದ ವಂಚಿತರಾಗುವುದಿಲ್ಲವೇ?

ಉತ್ತರ: ನಮ್ಮ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಮದರಸ ಬೆಳಗ್ಗೆ, ಶಾಲೆ ಆಮೇಲೆ, ಉತ್ತರ ಭಾರತದ ಮದರಸಗಳ ಸುದ್ದಿಯನ್ನು ನೋಡಿ ಇಲ್ಲಿನ ಮಕ್ಕಳ ಬಗ್ಗೆ ಕೇಳಬೇಡಿ.